ನಾಲಬಂದ ಬಾಬುಮಿಯಾ ಮತ್ತು ಇಪ್ಪತ್ತು ಉಗುರಿನ ಮೇಜರ್

ಬೆಳಗಿನ ಆರೂಕಾಲು. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಒಂದು ಅಂಗಳದಲ್ಲಿ ಪಿಂಕಿ ಎಂಬ ಲ್ಯಾಬ್ರಡಾರ್ ನಾಯಿ ನೀರಿನ ಡ್ರಮ್ಮಿನ ಹಿಂದೆ ಅಡಗಿ ನಿಂತಿದೆ. ಅಡಗಿರುವುದು ತಲೆ ಮಾತ್ರ. ಮಿಕ್ಕ ಮೂವತ್ತೈದು ಕಿಲೋ ಬಯಲಲ್ಲೇ ಇದೆ. ಆದರೂ ತಾನು ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂಬ ಧೈರ್ಯದಲ್ಲಿ ಅದು ಮಿಸುಕಾಡದೆ ನಿಂತಿದೆ. ಅದರ ಯಜಮಾನ, ಗೂಡ್ಸ್ ಗಾಡಿಯ ಗಾರ್ಡ್ ರಮೇಶಕುಮಾರ, ಡ್ಯೂಟಿಯ ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ಬಿಸ್ಕತ್ತು ಹಿಡಿದು, "ಪಿಂಕಿ, ನಮ್ಮವ್ವ ಅಲ್ಲೇನು, ಬಾ" ಎಂದು ಗೋಗರೆಯುತ್ತಿದ್ದಾರೆ. ಏಳು ಗಂಟೆಗೆ ಅವರ ಗಾಡಿ ಹೊರಡಬೇಕು.

"ಚಾಚಾ, ಗಾಡಿ ಲೇಟಾದ್ರ ಕಾರಣ ಬರೀಬೇಕ್ರಿ. ನಾಯಿ ಉಗುರು ಅಂತ ಬರೀಲಿಕ್ಕಿ ಬರ್ತದೇನ್ರಿ?" ಎಂದು ಕೇಳುತ್ತಾರೆ.

ಚಾಚಾ ಎಂದರೆ ಬಾಬುಮಿಯಾ. ಚಿತ್ತಾಪುರದವರು, ವಯಸ್ಸು ಅರವತ್ತೆರಡು. ಅವರು ಗಾರ್ಡ್ ಸಾಹೇಬರ ಕಡೆಗೂ ನೋಡುವುದಿಲ್ಲ, ಪಿಂಕಿಯ ಕಡೆಗೂ ನೋಡುವುದಿಲ್ಲ. ಅಂಗಳದ ನಡುವೆ ಗೋಣಿಚೀಲ ಹಾಸಿ, ನಾಯಿಗೆ ಬೆನ್ನು ಮಾಡಿ ಕುಳಿತು, ಚೀಲದಿಂದ ಅರ ತೆಗೆದು ತಮ್ಮದೇ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಉಜ್ಜಿಕೊಳ್ಳಲು ತೊಡಗುತ್ತಾರೆ. ಒಂದು ನಿಮಿಷ, ಎರಡು ನಿಮಿಷ. ಐದನೇ ನಿಮಿಷಕ್ಕೆ ಡ್ರಮ್ಮಿನ ಹಿಂದಿನಿಂದ ತಲೆ ಹೊರಬರುತ್ತದೆ. ಈ ಮುದುಕ ಏನು ಮಾಡುತ್ತಿದ್ದಾನೆ ಎಂದು ತಿಳಿಯದೆ ಪಿಂಕಿಗೆ ನಿಲ್ಲಲಾಗುವುದಿಲ್ಲ. ಅದು ತಾನಾಗಿ ಬಂದು ಅವರ ಭುಜದ ಮೇಲಿಂದ ಇಣುಕುತ್ತದೆ.

"ಎತ್ತಿನ ಮುಂದ ಹೋಗಿ ನಿಂದ್ರಬೇಕು, ನಾಯಿಗಿ ಬೆನ್ನು ಕೊಟ್ಟು ಕುಂದ್ರಬೇಕ್ರಿ. ಹಿಡೀಲಿಕ್ಕಿ ಹೋದ್ರ ಓಡತದ. ಓಡೋದು ಬಿಡ್ರಿ, ಕಡೀತದ" ಎನ್ನುತ್ತಲೇ ಬಾಬುಮಿಯಾ ಪಿಂಕಿಯ ಹಿಂಗಾಲನ್ನು ತಮ್ಮ ಎರಡು ಮೊಣಕಾಲುಗಳ ನಡುವೆ ಸೇರಿಸಿಕೊಂಡಿರುತ್ತಾರೆ. ಅದು ಯಾವಾಗ ಆಯಿತೋ ಪಿಂಕಿಗೂ ಗೊತ್ತಿಲ್ಲ. ಹನ್ನೊಂದು ನಿಮಿಷದಲ್ಲಿ ಹದಿನೆಂಟು ಉಗುರು ಮುಗಿಯುತ್ತವೆ. ಬೆರಳ ಸಂದಿಯಲ್ಲಿ ಸಿಕ್ಕ ಜಾಲಿಮುಳ್ಳಿನ ತುದಿಯೊಂದು ಹೊರಬರುತ್ತದೆ. ಒಡೆದ ಅಂಗಾಲಿಗೆ ಮುಲಾಮು ತಿಕ್ಕುವ ಹೊತ್ತಿಗೆ ನಾಯಿ ನಿದ್ದೆ ಹೋಗಿದೆ. ರಮೇಶಕುಮಾರ ಬಿಸ್ಕತ್ತನ್ನು ತಾವೇ ತಿಂದು ಸ್ಟೇಷನ್ನಿನ ಕಡೆ ಓಡುತ್ತಾರೆ.

ಬಾಬುಮಿಯಾ ಅವರದು ನಾಲಬಂದರ ಮನೆತನ. ನಾಲ ಎಂದರೆ ಲಾಳ. ಅಜ್ಜ, ಅಪ್ಪ, ಇವರು, ಮೂವರೂ ಎತ್ತುಗಳಿಗೆ, ಟಾಂಗಾ ಕುದುರೆಗಳಿಗೆ ಲಾಳ ಬಡಿದು ಬದುಕಿದವರು. ಚಿತ್ತಾಪುರದ ಸಂತೆಯಲ್ಲಿ ಒಂದು ಕಾಲಕ್ಕೆ ಇವರ ಮುಂದೆ ಜೋಡೆತ್ತುಗಳ ಸಾಲು ನಿಲ್ಲುತ್ತಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು, ಆಟೋ ಬಂತು. ಅವಕ್ಕೆ ಲಾಳ ಬೇಕಿಲ್ಲ. ಒಂದು ವರ್ಷ ಪೂರ್ತಿ ಬಾಬುಮಿಯಾ ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. "ಟಯರ್ ಅನ್ನೋದು ಒದಿಯಂಗಿಲ್ಲ, ಉಸಿರಾಡಂಗಿಲ್ಲ, ನೋಡಂಗಿಲ್ಲ. ಬ್ಯಾಸರ ಬಂತ್ರಿ" ಎಂದು ಆ ವರ್ಷವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ನಾಯಿಯ ಕೆಲಸ ಸಿಕ್ಕಿದ್ದು ಹನ್ನೆರಡು ವರ್ಷದ ಹಿಂದೆ, ವಾಡಿಯ ಸಿಮೆಂಟ್ ಕಾಲೊನಿಯಲ್ಲಿ. ಎಂಜಿನಿಯರೊಬ್ಬರ ಮನೆಯ ಚಿನ್ನಿ ಎಂಬ ಪಮೇರಿಯನ್ ನಾಯಿಗೆ ಉಗುರು ಬೆಳೆದು ನಡೆಯುವುದೇ ಕಷ್ಟವಾಗಿತ್ತು. ಕಾಲಿನ ಕೆಲಸ ತಾನೇ, ನಾಲಬಂದನಿಗೆ ಹೇಳಿ ಎಂದು ಯಾರೋ ಸಲಹೆ ಕೊಟ್ಟರು. ಬಾಬುಮಿಯಾ ಹೋದರು. ಹೋಗುವಾಗ ಎತ್ತು ಕೆಡವುವ ಹದಿನೆಂಟು ಮೊಳದ ಹಗ್ಗ, ಸುತ್ತಿಗೆ, ಇಕ್ಕಳ, ಒಂದು ಹಿಡಿ ಮೊಳೆ, ಕಾಲಿಗೆ ಎರಡರಂತೆ ಎಂಟು ಲಾಳ ಹೊತ್ತು, ಜತೆಗೆ ಹಗ್ಗ ಹಿಡಿಯಲು ಇಬ್ಬರು ಗಟ್ಟಿ ಆಳುಗಳನ್ನೂ ಕರೆದುಕೊಂಡು ಹೋದರು. ಬಾಗಿಲು ತೆರೆದ ಎಂಜಿನಿಯರರ ಹೆಂಡತಿ ಮೊದಲು ಆಳುಗಳನ್ನು ನೋಡಿದರು, ಆಮೇಲೆ ಸುತ್ತಿಗೆಯನ್ನು ನೋಡಿದರು, ಆಮೇಲೆ ಸೋಫಾದ ಮೇಲಿದ್ದ ಚಿನ್ನಿಯನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

"ಅರ್ಧಾ ತಾಸು ಬಾಗಲಾಚೆ ನಿಂತು ಸಮಜಾಯಿಸಿ ಹೇಳಿದೆ. ಅಕ್ಕಾರ, ಮೊಳಿ ಬಡಿಯಂಗಿಲ್ರಿ, ಸಾಮಾನು ರೂಢಿಗಿ ತಂದೀನಿ ಅಂತ. ಆಮ್ಯಾಲ ತೆಗದ್ರು. ನಾ ಹಗ್ಗ ಬಿಚ್ಚಿ ಎಲ್ಲಿಂದ ಸುತ್ತಬೇಕು ಅಂತ ನೋಡಾಕತ್ತಿದ್ದೆ. ಅದು ನನ್ನ ಮುಂದ ತಾನೇ ಬಿದ್ದು, ನಾಕೂ ಕಾಲು ಮ್ಯಾಲೆ ಮಾಡಿ ಹೊಟ್ಟಿ ತೋರಿಸ್ತು. ಎತ್ತು ಕೆಡವಾಕ ಮೂರು ಮಂದಿ ಬೇಕ್ರಿ. ಇದು ಪುಕ್ಕಟೆ ಬಿದ್ದದ!"

ಅಂದಿನಿಂದ ಹಗ್ಗ ಮನೆಯಲ್ಲೇ ಉಳಿಯಿತು. ಈಗ ಇವರ ಸಂಪತ್ತೆಲ್ಲ ಒಂದು ಬಟ್ಟೆ ಚೀಲದಲ್ಲಿ ಹಿಡಿಯುತ್ತದೆ: ಎರಡು ಕತ್ತರಿ, ಮೂರು ಅರ, ರಕ್ತ ಬಂದರೆ ಒತ್ತಲು ಹಜಾಮರ ಪಟಿಕದ ತುಂಡು, ಮುಲಾಮಿನ ಡಬ್ಬಿ. ಸೋಮವಾರ ವಾಡಿ, ಮಂಗಳವಾರ ಶಹಾಬಾದ, ಬುಧವಾರ ಸೇಡಂ, ಗುರುವಾರ ಚಿಂಚೋಳಿ ಮತ್ತು ಅದಕ್ಕಂಟಿದ ಚಂದಾಪುರ. ಶುಕ್ರವಾರ ಸೂಟಿ, ಉಳಿದೆರಡು ದಿನ ಚಿತ್ತಾಪುರದಲ್ಲೇ. ಹಳೆಯ ಮೊಪೆಡ್ಡಿನ ಮೇಲೆ ದಿನಕ್ಕೆ ಆರು ನಾಯಿ. ಆರು ನಾಯಿಗೆ ಇಪ್ಪತ್ನಾಲ್ಕು ಪಾದ, ನೂರಾ ಎಂಟು ಉಗುರು. ಜಪದ ಲೆಕ್ಕ ಇದ್ದಂತಿದೆ ಎಂದು ಚಿಂಚೋಳಿಯ ಅರ್ಚಕರೊಬ್ಬರು ಹೇಳಿದ್ದನ್ನು ಬಾಬುಮಿಯಾ ಬಹಳ ಖುಷಿಯಿಂದ ಎಲ್ಲರಿಗೂ ಹೇಳುತ್ತಾರೆ. ಲಾಳದ ಕಾಲದಂತೆ ಈಗಲೂ ಕೂಲಿ ಕಾಲಿಗಿಷ್ಟು ಎಂದೇ ಇದೆ. ಸೇಡಂನಲ್ಲಿ ಮೂರೇ ಕಾಲಿನ ನಾಯಿಯೊಂದಿದೆ. ಅದರ ಯಜಮಾನ ಮೂರೇ ಕಾಲಿನ ಕೂಲಿ ಕೊಡುತ್ತಾನೆ, ಮತ್ತು ಪ್ರತಿ ಸಲವೂ ತಾನು ಗೆದ್ದವನಂತೆ ನಗುತ್ತಾನೆ.

ಊರಿಗೊಂದು ಪಾದ ಎನ್ನುತ್ತಾರೆ ಬಾಬುಮಿಯಾ. ಸೇಡಂನ ಮಹಡಿ ಮನೆಯ ನಾಯಿಗಳು ನುಣ್ಣನೆಯ ಟೈಲ್ಸಿನ ಮೇಲೆ ಓಡಾಡುತ್ತವೆ, ಅವುಗಳ ಉಗುರು ಸವೆಯುವುದೇ ಇಲ್ಲ. ಶಹಾಬಾದದ ನಾಯಿಗಳಿಗೆ ಉಗುರಿನ ಚಿಂತೆ ಕಡಿಮೆ. ಅಲ್ಲಿ ಕಾಲಿಟ್ಟಲ್ಲೆಲ್ಲ ನೆಲಕ್ಕೆ ಹಾಸುವ ಫರ್ಸಿಕಲ್ಲು, ಆ ಕಲ್ಲೇ ಉಗುರು ತೇಯುತ್ತದೆ. ಅಲ್ಲಿಯ ಕಷ್ಟ ಬೇಸಿಗೆಯದು. ಏಪ್ರಿಲ್ ಬಂತೆಂದರೆ ಕಲ್ಲು ಹಂಚಿನಂತೆ ಕಾದು ಅಂಗಾಲು ಬೊಬ್ಬೆ ಏಳುತ್ತದೆ. ಹೊರಗೆ ಬಿಡುವ ಮೊದಲು ನೆಲಕ್ಕೆ ನಿಮ್ಮ ಅಂಗೈಯ ಹಿಂಬದಿ ಇಟ್ಟು ಹತ್ತು ಎಣಿಸಿ, ನಿಮಗೆ ತಡೆಯದಿದ್ದರೆ ನಾಯಿಗೂ ತಡೆಯುವುದಿಲ್ಲ ಎಂದು ಇವರು ಎಲ್ಲರಿಗೂ ಪಾಠ ಹೇಳುತ್ತಾರೆ. ಹೋದ ವರ್ಷ ಶಹಾಬಾದದ ಬಸ್ ಸ್ಟ್ಯಾಂಡಿನೆದುರು ನಡುಮಧ್ಯಾಹ್ನ ಹೀಗೆ ನೆಲಕ್ಕೆ ಕೈಯಿಟ್ಟು ಬಾಗಿ ಎಣಿಸುತ್ತಿದ್ದಾಗ, ಪಾಪ ಮುದುಕನಿಗೆ ಬಿಸಿಲು ಬಡಿದಿದೆ ಎಂದು ಹಣ್ಣಿನ ಗಾಡಿಯವನು ಒಂದು ಕೊಡ ನೀರನ್ನು ತಲೆಯ ಮೇಲೆ ಸುರಿದ. "ಏಳರ ತನಕ ಎಣಿಸಿದ್ದೆ" ಎಂದು ಬಾಬುಮಿಯಾ ಇಂದಿಗೂ ಬೇಸರಪಡುತ್ತಾರೆ.

ನಾಯಿಗಳು ಕಚ್ಚಿಲ್ಲವೆಂದಲ್ಲ. ಹನ್ನೆರಡು ವರ್ಷದಲ್ಲಿ ಹನ್ನೊಂದು ಸಲ. ಪ್ರತಿ ಸಲವೂ ತಪ್ಪದೆ ಪೂರ್ತಿ ಸೂಜಿ ಮಾಡಿಸಿಕೊಂಡಿದ್ದಾರೆ. "ದವಾಖಾನಿ ನರ್ಸಮ್ಮ ನನ್ನ ನೋಡಿದ ಕೂಡ್ಲೇ ತೋಳು ಏರಿಸ್ರಿ ಅಂತಾಳ. ಒಮ್ಮಿ ಬಿಪಿ ತೋರಿಸ್ಲಿಕ್ಕಿ ಹೋಗಿದ್ದೆ, ಆವಾಗೂ ಚುಚ್ಚಲಿಕ್ಕೇ ಬಂದ್ಳು."

ಹಲ್ಲಿಗಿಂತ ದೊಡ್ಡ ಭಯ ಮನೆಯದು. ಹೆಂಡತಿ ರಶೀದಾಬೇಗಂ ನಮಾಜು ತಪ್ಪಿಸದವರು. ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ ತೊಳೆಯಬೇಕು ಎಂಬುದು ಅವರ ಮನೆಯ ಕಟ್ಟುನಿಟ್ಟು. ಸಂಜೆ ಮೊಪೆಡ್ ನಿಂತ ಸದ್ದಿಗೆ ಅಡುಗೆಮನೆಯಿಂದಲೇ "ನಲ್ಲಿ ಕಡಿಗಿ ನಡೀರಿ" ಎಂಬ ಹುಕುಂ ಬರುತ್ತದೆ. ಬಾಬುಮಿಯಾ ಅಂಗಳದ ನಲ್ಲಿಯ ಕೆಳಗೆ ಕೈ ತೊಳೆಯುತ್ತಾರೆ, ಬೇಗಂ ರೊಟ್ಟಿ ಬಡಿಯುತ್ತಲೇ ಗಟ್ಟಿಯಾಗಿ ಎಣಿಸುತ್ತಾರೆ. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿತೋ, ಮತ್ತೆ ಒಂದರಿಂದ ಶುರು. ನೆರೆಯವರು ಬೇಕೆಂದೇ ಆ ಹೊತ್ತಿಗೆ ಬಂದು ಬೇಗಂರನ್ನು ಮಾತಿಗೆಳೆಯುತ್ತಾರೆ. ಒಂದು ಸಂಜೆ ಇಪ್ಪತ್ತಾರು ಸಲ ತೊಳೆದ ದಾಖಲೆಯೂ ಇದೆ.

ಆದರೆ ಆ ಮುಲಾಮಿನ ಡಬ್ಬಿಯನ್ನು ತುಂಬಿಸುವವರು ಇದೇ ರಶೀದಾಬೇಗಂ. ಕೊಬ್ಬರಿ ಎಣ್ಣೆಗೆ ಬೇವಿನೆಲೆ ಹಾಕಿ ಕುದಿಸಿ, ಜೇನುಮೇಣ ಕರಗಿಸಿ, ಅದಕ್ಕೆಂದೇ ಬೇರೆ ಇಟ್ಟ ಪಾತ್ರೆಯಲ್ಲಿ ತಿರುವುತ್ತಾರೆ. ಹದ ಕೆಟ್ಟರೆ ಚೆಲ್ಲಿ ಮತ್ತೆ ಮಾಡುತ್ತಾರೆ. ಒಂದು ನಾಯಿಯನ್ನೂ ಮುಟ್ಟಿದವರಲ್ಲ, ಆದರೆ ಯಾವ ನಾಯಿಗೆ ಯಾವ ಕಾಲು ನೋವೆಂಬುದು ಅವರ ಬಾಯಲ್ಲೇ ಇದೆ. "ನಾನು ದೂರ ಇದ್ದೀನಿ ಅಂತ ಅದರ ಕಾಲು ಉರೀಬೇಕೇನು? ದೇವರು ಅದಕ್ಕೂ ನೋವು ಕೊಟ್ಟಾನಲ್ಲ" ಎನ್ನುತ್ತಾರೆ. ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತಾರೆ. ಗಂಡನಿಗೆ ಮಂಡಿನೋವು, ತಮ್ಮ ಪಾದ ತಮಗೇ ಎಟುಕುವುದಿಲ್ಲ. ಹಾಗಾಗಿ ಅವರ ಕಾಲುಗುರು ತೆಗೆಯುವವರು ಬೇಗಂ. "ನಾಯಿ ಚಂದ ಸುಮ್ನ ಕುಂದರ್ತಾವಂತ. ಇವರು ಕುಂದ್ರಂಗಿಲ್ರಿ."

ಇಂಥ ಬಾಬುಮಿಯಾ ಕೆಲಸವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದು ಒಂದೇ ಸಲ, ಹೋದ ಚಳಿಗಾಲದಲ್ಲಿ. ಅದಕ್ಕೆ ಕಾರಣ ಶಹಾಬಾದದ ಮೇಜರ್.

ಮೇಜರ್ ಎಂದರೆ ಫೌಜಿನವರಲ್ಲ. ಊರಾಚೆ ಫರ್ಸಿಕಲ್ಲು ಪಾಲಿಶ್ ಮಾಡುವ ಮಷಿನ್ ಇಟ್ಟಿರುವ ಖಂಡಪ್ಪನವರ ನಾಯಿ. ಕಪ್ಪು ಮೈ, ಅಗಲವಾದ ಎದೆ, ಯಾವ ಜಾತಿಯೆಂದು ಹೇಳಲು ಬಾರದ ಮುಖ. ಎಲ್ಲ ನಾಯಿಗೂ ಹದಿನೆಂಟು ಉಗುರಾದರೆ ಮೇಜರಿಗೆ ಇಪ್ಪತ್ತು. ಎರಡೂ ಹಿಂಗಾಲಿನ ಒಳಬದಿಗೆ, ನೆಲದಿಂದ ನಾಲ್ಕು ಬೆರಳು ಮೇಲೆ, ಒಂದೊಂದು ಹೆಚ್ಚಿನ ಉಗುರು. ಇಪ್ಪತ್ತು ಉಗುರಿನ ನಾಯಿ ಇದ್ದಲ್ಲಿ ಬರ್ಕತ್ತು, ಅಂದರೆ ಏಳಿಗೆ, ಇರುತ್ತದೆ ಎಂದು ಆ ಕಡೆಯ ಹಲವರ ನಂಬಿಕೆ. ಖಂಡಪ್ಪನವರದಂತೂ ನಂಬಿಕೆಯನ್ನೂ ದಾಟಿದ್ದು. ಕಲ್ಲು ಕೊಳ್ಳಲು ಬಂದವರು ಮೊದಲು ಮೇಜರಿನ ಉಗುರು ಎಣಿಸಬೇಕು, ಇಪ್ಪತ್ತು ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಕಲ್ಲಿನ ಮಾತು. ಹತ್ತೊಂಬತ್ತು ಎಂದವನಿಗೆ ಮತ್ತೆ ಎಣಿಸುವ ಶಿಕ್ಷೆ.

ಹೆಚ್ಚಿನ ಉಗುರಿನ ತೊಂದರೆ ಏನೆಂದರೆ ಅದು ನೆಲ ಮುಟ್ಟುವುದಿಲ್ಲ. ನೆಲ ಮುಟ್ಟದ ಉಗುರು ಸವೆಯುವುದಿಲ್ಲ. ಮೇಜರಿನ ಎಡಗಾಲಿನದು ಬೆಳೆದೂ ಬೆಳೆದೂ ಬಳೆಯಂತೆ ಸುತ್ತಿ ತಿರುಗಿ ಅದರ ಮಾಂಸಕ್ಕೇ ನೆಟ್ಟಿತ್ತು. ಕೀವಾಗಿತ್ತು. ಪಶು ದವಾಖಾನೆಯ ಡಾ. ಲುಂಬಿನಿ ಬಂದು ಉಗುರು ಕತ್ತರಿಸಬೇಕು ಎಂದಾಗ ಖಂಡಪ್ಪ ನಾಯಿಗೆ ಅಡ್ಡ ನಿಂತರು. "ಹದಿನೆಂಟು ಬೇಕಾದ್ರ ಬುಡಕ್ಕ ಕತ್ತರಿಸ್ರಿ ಡಾಕ್ಟರಮ್ಮ. ಇವೆರಡರ ಸುದ್ದಿಗಿ ಬರಬ್ಯಾಡ್ರಿ."

ಆ ಸಂಜೆ ಡಾಕ್ಟರು ಬಾಬುಮಿಯಾಗೆ ಫೋನ್ ಮಾಡಿದರು. "ಚಾಚಾ, ನಾಯಿ ಹಿಡಿಯೋದು ನನಗೂ ಬರ್ತದ. ಆ ಮನುಷ್ಯಾನ್ನ ಹಿಡಿಯೋದು ನಿಮಗಷ್ಟೇ ಬರ್ತದ. ಇನ್ನ ಹದಿನೈದು ದಿನ ಬಿಟ್ರ ಕೀವು ಎಲುವಿಗಿ ಇಳೀತದ. ಆಮ್ಯಾಲ ಕಾಲೇ ತೆಗೀಬೇಕಾಗ್ತದ ನೋಡ್ರಿ."

ಬಾಬುಮಿಯಾ ಮರುದಿನವೇ ಹೋದರು. ಖಂಡಪ್ಪ ಚಹಾ ಕುಡಿಸಿ, ಚೀಲವನ್ನು ತಾವೇ ಎತ್ತಿ ಮೊಪೆಡ್ಡಿಗೆ ನೇತುಹಾಕಿ ಕಳಿಸಿದರು. ನಾಲ್ಕು ದಿನ ಬಿಟ್ಟು ಮತ್ತೆ ಹೋದರು. ಈ ಸಲ ಚೀಲ ಒಯ್ಯಲಿಲ್ಲ. ಎಂದಿನಂತೆ ಬೆನ್ನು ಮಾಡಿ ಕುಳಿತರು. ಮೇಜರ್ ಮೂರು ಕಾಲಲ್ಲಿ ಕುಂಟುತ್ತ ಬಂದು ಅವರ ಬೆನ್ನಿಗೊರಗಿ ಮಲಗಿತು. ಗಾಯದ ವಾಸನೆ ಮೂಗಿಗೆ ಬಡಿಯಿತು. ಖಂಡಪ್ಪ ಮಾತ್ರ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಕುಳಿತಿದ್ದರು. ಯಾಕೆ ಆ ಕಡೆ ಕುಳಿತಿದ್ದೀರಿ ಎಂದು ಕೇಳಿದ್ದಕ್ಕೆ, "ಅದು ಕುಂಟೋದು ನೋಡಲಿಕ್ಕಾಗಂಗಿಲ್ಲ" ಎಂದರು. ಬಾಬುಮಿಯಾಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಷ್ಟು ಪ್ರೀತಿ ಮಾಡುವವನೇ ಕತ್ತರಿ ತಡೆದರೆ ಯಾರ ಹತ್ತಿರ ದೂರುವುದು? ಮನೆಗೆ ಬಂದು, ಆ ಕಾಲು ಹೋದರೆ ತಾನು ಇನ್ನೊಂದು ಪಾದ ಮುಟ್ಟುವುದಿಲ್ಲ ಎಂದು ಬೇಗಂ ಮುಂದೆ ಹೇಳಿದರು. ಅಂದು ಬೇಗಂ ಎಣಿಸುವುದನ್ನೇ ಮರೆತರಂತೆ.

ಮೂರನೇ ಸಲ ಹೋಗುವಾಗ ಡಾ. ಲುಂಬಿನಿಯೂ ಬಂದರು. ಮರಗಟ್ಟಿಸುವ ಸೂಜಿ ಇಟ್ಟ ಪೆಟ್ಟಿಗೆಯೊಂದಿಗೆ ಗೇಟಿನಾಚೆಯ ಜೀಪಿನಲ್ಲೇ ಉಳಿದರು. ಬಾಬುಮಿಯಾ ಒಳಗೆ ಹೋಗಿ ಕುಳಿತವರು, ಏನು ಹೇಳುವುದೆಂದು ತೋಚದೆ ಮೇಲೆ ನೋಡಿದರು. ಖಂಡಪ್ಪನವರ ಬಾಗಿಲ ಚೌಕಟ್ಟಿನ ಮೇಲೆ ಒಂದು ಹಳೆಯ ಕುದುರೆ ಲಾಳ ತುಕ್ಕು ಹಿಡಿದು ಕೂತಿತ್ತು.

"ಸಾವಕಾರ್ರ, ಅದು ಯಾರ ನಾಲ?"

"ನಮ್ಮಪ್ಪನ ಟಾಂಗಾ ಕುದುರಿದು. ಬರ್ಕತ್ತಿನ ಕುದುರಿ. ಅಪ್ಪನೇ ಬಡದಾನ."

"ಕುದುರಿ ಕಾಲಾಗ ಇದ್ದಾಗ ಯಾಕ ಬಡೀಲಿಲ್ರಿ?"

"ಏನ್ ಮಾತಾಡ್ತಿ ಬಾಬುಮಿಯಾ! ಕಾಲಾಗಿದ್ದದ್ದು ಬಾಗಲಿಗಿ ಹ್ಯಾಂಗ ಬಡೀತಾರ? ತೆಗದ ಮ್ಯಾಲೇ ಬಡೀಬೇಕು."

"ತೆಗದಂವ ಯಾರು?"

ಖಂಡಪ್ಪ ಸ್ವಲ್ಪ ಯೋಚಿಸಿದರು. "ನಿಮ್ಮಪ್ಪ ಇರಬೇಕು. ಮತ್ಯಾರು ಬರ್ತಿದ್ರು ಆವಾಗ?"

"ನಮ್ಮಪ್ಪ ತೆಗದ ಮ್ಯಾಲ ಕುದುರಿ ಬರ್ಕತ್ತು ಹೋತೇನ್ರಿ?"

"ಹೋಗೋದೇನು? ಅದಾದ ಮ್ಯಾಲೇ ನಾವು ಈ ಮಷಿನ್ ಹಾಕಿದ್ದು" ಎಂದವರೇ ಖಂಡಪ್ಪ ತಲೆಯೆತ್ತಿದರು. ಲಾಳ ನೋಡಿದರು, ಮೇಜರನ್ನು ನೋಡಿದರು. ಕುರ್ಚಿಯನ್ನು ಮೆಲ್ಲಗೆ ಈ ಕಡೆ ತಿರುಗಿಸಿದರು. ಆಮೇಲೆ ತಾವೇ ಕೇಳಿದರು: "ತೆಗದದ್ದು ನನಗ ಕೊಡ್ತಿ ಹೌದಿಲ್ಲೋ?"

ಕರೆಯುವ ಮೊದಲೇ ಡಾಕ್ಟರು ಜೀಪಿನಿಂದ ಇಳಿದಿದ್ದರು. ಸೂಜಿ ಚುಚ್ಚಿದರು. ಬಾಬುಮಿಯಾ ಬಿಸ್ಮಿಲ್ಲಾ ಎಂದು ಎರಡು ಕಡೆ ಕತ್ತರಿಸಿ, ಮಾಂಸದೊಳಗೆ ಹೂತಿದ್ದ ತುದಿಯನ್ನು ಹೊರಗೆಳೆದರು. ಮೇಜರ್ ಒಂದು ಸಲ ಕುಂಯ್ ಎಂದಿತು. ಖಂಡಪ್ಪ ಅದಕ್ಕಿಂತ ಜೋರಾಗಿ ಎಂದರು. ಗಾಯ ತೊಳೆದು ಪಟ್ಟಿ ಕಟ್ಟಿದ ಮೇಲೆ, ತುಂಡಾದ ಉಗುರನ್ನು ಖಂಡಪ್ಪ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಸಂಜೆಯೊಳಗೆ ಅದು ಲಾಳದ ಪಕ್ಕಕ್ಕೆ ಬಾಗಿಲೇರಿತ್ತು.

ಆ ವಾರವೇ ಖಂಡಪ್ಪನವರಿಗೆ ಒಂದು ಕಲ್ಯಾಣ ಮಂಟಪದ ನೆಲಕ್ಕೆ ಫರ್ಸಿ ಹಾಕುವ ದೊಡ್ಡ ಆರ್ಡರು ಸಿಕ್ಕಿತು. ಮದುವೆ ಹಂಗಾಮಿಗೆ ಮೊದಲು ಪ್ರತಿ ವರ್ಷ ಯಾರಿಗಾದರೂ ಸಿಗುವಂಥದ್ದೇ. ಆದರೆ ಸುದ್ದಿಗೆ ಕಾಲು ಬಂದವು. ಸುಲೇಪೇಟದ ಕಿರಾಣಿ ಅಂಗಡಿಯವರೊಬ್ಬರು ಬಾಬುಮಿಯಾಗೆ ಫೋನ್ ಮಾಡಿ ಅರ್ಧ ಉಗುರಾದರೂ ಕೊರಿಯರ್ ಮಾಡಿ ಎಂದರು. ವಾಡಿಯವರೊಬ್ಬರು ತಮ್ಮ ನಾಯಿಯನ್ನು ತಂದು ಸರಿಯಾಗಿ ಎಣಿಸಿ, ಹತ್ತೊಂಬತ್ತಾದರೂ ಇರಬಹುದು ಎಂದು ಹಟ ಹಿಡಿದರು. ಸನ್ನತಿಯ ಕಡೆಯ ರೈತನೊಬ್ಬ ತನಗೇ ಆರು ಬೆರಳಿವೆ, ತನ್ನ ಉಗುರು ನಡೆಯುತ್ತದೆಯೇ ಎಂದು ವಿಚಾರಿಸಿದ. ಬಾಬುಮಿಯಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. "ಅದು ಉಗುರ್ರಿ. ಬೆಳೀತದ, ಕತ್ತರಿಸ್ಬೇಕು. ಅಷ್ಟೇ ಅದರ ಕಥಿ."

ಈಗ ಮಂಗಳವಾರಗಳ ಕೊನೆಯ ಮನೆ ಖಂಡಪ್ಪನವರದೇ. ಮೇಜರಿನ ಗಾಯ ಮಾಯ್ದು ಕೂದಲು ಬಂದಿದೆ. ಕುಂಟಿ ಮಲಗಿದ ತಿಂಗಳುಗಳಲ್ಲಿ ಉಳಿದ ಉಗುರುಗಳೂ ಸವೆಯದೆ ಬೆಳೆದಿದ್ದವು, ಅವನ್ನು ಬಾಬುಮಿಯಾ ಸಲಕ್ಕಿಷ್ಟು ಎಂದು ಹಿಂದಕ್ಕೆ ತರುತ್ತಿದ್ದಾರೆ. ಮೊನ್ನೆಯ ಮಂಗಳವಾರ ಖಂಡಪ್ಪ ಕನ್ನಡಕ ಹಾಕಿಕೊಂಡು, ನೆಲಕ್ಕೆ ಕುಳಿತು, ಮೇಜರಿನ ಹಿಂಗಾಲನ್ನು ತಾವೇ ಹಿಡಿದಿದ್ದರು. "ಇನ್ನ ಸ್ವಲ್ಪ ತೆಗಿ ಬಾಬುಮಿಯಾ, ಚುಚ್ಚೀತು" ಎಂದು ಬರ್ಕತ್ತಿನ ಉಗುರನ್ನೇ ತೋರಿಸಿದರು. ಕತ್ತರಿಸಿದ ಚೂರು ಕಲ್ಲಿನ ಪುಡಿಯಲ್ಲಿ ಬಿತ್ತು. ಖಂಡಪ್ಪ ಅದನ್ನು ಹುಡುಕಲಿಲ್ಲ. ಅವರ ಕಣ್ಣು ಕಾಲಿನ ಮೇಲೆಯೇ ಇತ್ತು. ಬಾಬುಮಿಯಾ ನೆನಪಿಸಲೂ ಇಲ್ಲ.

ಕೆಲಸ ಮುಗಿದ ಮೇಲೆ ಬಾಬುಮಿಯಾ ಗೋಡೆಗೊರಗಿ ಕಣ್ಣು ಮುಚ್ಚಿದರು. ದಣಿವಾಯಿತೇ ಎಂದು ಖಂಡಪ್ಪ ಕೇಳಿದರೆ ಕೈಯೆತ್ತಿ ಸುಮ್ಮನಿರಿಸಿದರು.

"ನಾಲ ಬಡದ ಮ್ಯಾಲ ನಮ್ಮಪ್ಪ ಹಿಂಗ ಕಣ್ಣು ಮುಚ್ಚಿ ಎತ್ತು ನಡಸ್ರಿ ಅಂತಿದ್ದ. ಎಂಟೂ ನಾಲ ಒಂದೇ ನಮೂನಿ ಸಪ್ಪಳ ಮಾಡಬೇಕು. ದೂರದಿಂದ ಕೇಳಿ, ಇದು ಚಿತ್ತಾಪುರ ನಾಲಬಂದನ ಕೆಲಸ ಅಂತ ಮಂದಿ ಅನ್ನೋರು. ನಂದು ಉಲ್ಟಾ ನೋಡ್ರಿ. ನಾಯಿ ನಡದ್ರ ಸಪ್ಪಳ ಬರಬಾರ್ದು."

ಖಂಡಪ್ಪ ಕಾಲು ಬಿಟ್ಟರು. ಮೇಜರ್ ಎದ್ದು ಮೈ ಕೊಡವಿ, ಪಾಲಿಶ್ ಮಾಡಿದ ಫರ್ಸಿಯ ಉದ್ದಕ್ಕೂ ನಾಲ್ಕೂ ಕಾಲೂರಿ ನಡೆದು, ಗೇಟು ದಾಟಿ ರಸ್ತೆಗಿಳಿಯಿತು. ಬಾಬುಮಿಯಾ ಕಣ್ಣು ತೆರೆಯದೆ ಇನ್ನೂ ಕಿವಿಗೊಟ್ಟು ಕುಳಿತೇ ಇದ್ದರು.

"ನಡಸ್ರಿ ಸಾವಕಾರ್ರ" ಎಂದರು.

"ಅದು ಆಗಲೇ ಹೋತಲ್ಲೋ!"

ಬಾಬುಮಿಯಾ ಕಣ್ಣು ತೆರೆದು, ಖಾಲಿ ನೆಲ ನೋಡಿ, ಬಾಯಿ ತುಂಬ ನಕ್ಕು ಚೀಲ ಕಟ್ಟಿದರು.